ನೆರೂಲ್‌ನಲ್ಲಿ ನಡೆದೂ ನಡೆಯದ ಪಂದ್ಯ

ಕಳೆದ ನವೆಂಬರ್ 2ರ ರಾತ್ರಿ ನಮ್ಮ ಮಹಿಳಾ ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಯಾರೂ ಮಲಗಿರಲಿಲ್ಲ ಎಂಬುದು ನಿಮಗೆಲ್ಲ ನೆನಪಿರಬಹುದು. ಮಳೆಯಿಂದಾಗಿ ತಡವಾಗಿ ಶುರುವಾದ ಪಂದ್ಯ ಮುಗಿಯುವಾಗ ನಡುರಾತ್ರಿ. ನೆರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಹರ್ಮನ್‌ಪ್ರೀತ್ ಕೌರ್ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿತ್ತು. ನಮ್ಮ ಕಟ್ಟಡದಿಂದ ಆ ಕ್ರೀಡಾಂಗಣದ ದೀಪಗಳು ಕಾಣುತ್ತವೆ. ನೈಟಿಯ ಮೇಲೆ ದುಪಟ್ಟಾ ಹೊದ್ದುಕೊಂಡು ಕೆಳಗಿಳಿದ ಹೆಂಗಸರು, ದೀಪಾವಳಿಗೆ ತಂದು ಉಳಿದಿದ್ದ ಪಟಾಕಿ ಹೊಡೆಯುತ್ತಿದ್ದ ಮಕ್ಕಳು, ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತವರು, ಎಲ್ಲವನ್ನೂ ನೋಡುತ್ತ ನಾನು ಮತ್ತು ಅತ್ತೆ ಬಾಲ್ಕನಿಯಲ್ಲಿ ನಿಂತಿದ್ದೆವು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಫುಟ್‌ಬಾಲಿನ ಮಕ್ಕಳು ಆಡಿದ್ದೂ ಇದೇ ಲೈಟಿನ ಅಡಿಯಲ್ಲಿ ಅಲ್ವಾ?"

ಹೌದು, ಇದೇ ದೀಪಗಳ ಅಡಿಯಲ್ಲಿ. 2022ರ ಜನವರಿ 20, ಗುರುವಾರ ರಾತ್ರಿ 7.30ಕ್ಕೆ. ಆ ಪಂದ್ಯವನ್ನು ನಾವಿಬ್ಬರೂ ಟಿ.ವಿ.ಯಲ್ಲಿ ಪೂರ್ತಿ ನೋಡಿದ್ದೆವು. ಆದರೆ ಪಂದ್ಯಾವಳಿಯ ಅಂಕಪಟ್ಟಿಯಲ್ಲಿ ಇವತ್ತು ಹುಡುಕಿದರೆ ಆ ಪಂದ್ಯ ಲೆಕ್ಕಕ್ಕೇ ಇಲ್ಲ. ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ತಕ್ಷಣ ಹೊಳೆದದ್ದು ಅದೇ. ನಾನು ಇತಿಹಾಸ ಓದಿದವಳಲ್ಲ, ಎಂ.ಟೆಕ್. ಮುಗಿಸಿ ಡೇಟಾಬೇಸ್‌ಗಳ ನಡುವೆ ದಿನ ಕಳೆಯುವವಳು. ಬಹುಶಃ ಅದಕ್ಕೇ, ಪಟ್ಟಿಯಿಂದ ಅಳಿಸಿಹೋದ ಒಂದು ಸಾಲು ನನ್ನನ್ನು ಇಷ್ಟು ವರ್ಷ ಕಾಡಿದ್ದು.

ಮೊದಲು ಹಿನ್ನೆಲೆ. ಏಷ್ಯಾ ಮಹಿಳಾ ಫುಟ್‌ಬಾಲ್ ಕಪ್ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಮುಂದಿನ ವಿಶ್ವಕಪ್‌ಗೆ ಏಷ್ಯಾದಿಂದ ಯಾರು ಹೋಗಬೇಕೆಂದು ತೀರ್ಮಾನವಾಗುವುದೂ ಅಲ್ಲಿಯೇ. 2022ರ ಕಪ್ಪಿನ ಆತಿಥ್ಯ ಭಾರತಕ್ಕೆ ಸಿಕ್ಕಿತ್ತು. ಮೊದಲು ಭುವನೇಶ್ವರ, ಅಹಮದಾಬಾದ್ ಕೂಡ ಪಟ್ಟಿಯಲ್ಲಿದ್ದವು. ಕೋವಿಡ್ ಕಾಲದಲ್ಲಿ ಓಡಾಟ ಕಡಿಮೆ ಇರಲೆಂದು ಕೊನೆಗೆ ನೆರೂಲ್‌ನ ಡಿ.ವೈ. ಪಾಟೀಲ್, ಅಂಧೇರಿಯ ಮುಂಬಯಿ ಫುಟ್‌ಬಾಲ್ ಅರೇನಾ ಮತ್ತು ಪುಣೆಯ ಬಾಲೇವಾಡಿ, ಈ ಮೂರೇ ಕಡೆ ಆಡಿಸುವುದೆಂದಾಯಿತು. ಹಿಂದೆಲ್ಲ 8 ತಂಡಗಳಿದ್ದದ್ದು ಈ ಸಲ 12 ಆಗಿತ್ತು. ನಾಲ್ಕು ನಾಲ್ಕರಂತೆ ಮೂರು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು, ಜೊತೆಗೆ ಮೂರನೇ ಸ್ಥಾನದವರಲ್ಲಿ ಉತ್ತಮರಾದ ಇಬ್ಬರು, ಒಟ್ಟು 8 ತಂಡ ಕ್ವಾರ್ಟರ್‌ಫೈನಲಿಗೆ. ಅಲ್ಲಿಂದ ಒಂದೇ ಒಂದು ಪಂದ್ಯ ಗೆದ್ದರೆ 2023ರ ವಿಶ್ವಕಪ್‌ಗೆ ನೇರ ಟಿಕೆಟ್. ಭಾರತದ ಹೆಣ್ಣುಮಕ್ಕಳು ವಿಶ್ವಕಪ್‌ಗೆ ಇಷ್ಟು ಹತ್ತಿರ ನಿಂತದ್ದು ನನಗೆ ತಿಳಿದಂತೆ ಅದೇ ಮೊದಲು.

ನಮ್ಮದು ಎ ಗುಂಪು: ಚೀನಾ, ಚೈನೀಸ್ ತೈಪೇ, ಇರಾನ್, ಭಾರತ. (ತೈವಾನ್ ದೇಶದವರು ಕ್ರೀಡೆಯಲ್ಲಿ ಚೈನೀಸ್ ತೈಪೇ ಎಂಬ ಹೆಸರಿನಲ್ಲಿ ಆಡುತ್ತಾರೆ. ನನ್ನ ಮಗಳು ಅದನ್ನು ಒಂದು ತಿಂಡಿಯ ಹೆಸರೆಂದೇ ತಿಳಿದಿದ್ದಳು.) ಚೀನಾವನ್ನು ಗೆಲ್ಲುವುದು ಆಗದ ಮಾತು. ಇರಾನ್ ಮೊದಲ ಬಾರಿಗೆ ಬಂದ ತಂಡ. ಚೈನೀಸ್ ತೈಪೇಯನ್ನು ಮೂರೇ ತಿಂಗಳ ಹಿಂದೆ, 2021ರ ಅಕ್ಟೋಬರಿನಲ್ಲಿ, ಬಹ್ರೇನ್‌ನಲ್ಲಿ ನಡೆದ ಸ್ನೇಹಪಂದ್ಯದಲ್ಲಿ ನಮ್ಮವರು 1-0ಯಿಂದ ಸೋಲಿಸಿದ್ದರು. ನವೆಂಬರಿನಲ್ಲಿ ಬ್ರೆಜಿಲ್‌ಗೆ ಹೋಗಿ 6-1ರಿಂದ ಸೋತರೂ, ಆ ಒಂದು ಗೋಲು ಹೊಡೆದ ಮನೀಷಾ ಕಲ್ಯಾಣ್ ಹೆಸರು ದೇಶಕ್ಕೆ ಗೊತ್ತಾಗಿತ್ತು. ಸ್ವೀಡನ್‌ನಿಂದ ಬಂದ ತರಬೇತುದಾರ ಥಾಮಸ್ ಡೆನ್ನರ್ಬಿ ಕ್ವಾರ್ಟರ್‌ಫೈನಲಿನ ಆಸೆ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಇರಾನ್ ಇಲ್ಲಿಗೆ ಬಂದ ದಾರಿಯ ಕತೆಯನ್ನೂ ಹೇಳಬೇಕು. ನಾವು ಆತಿಥೇಯರಾದ್ದರಿಂದ ನಮಗೆ ಅರ್ಹತಾ ಸುತ್ತು ಇರಲಿಲ್ಲ. ಇರಾನಿಗೆ ಇತ್ತು. 2021ರ ಸೆಪ್ಟೆಂಬರಿನಲ್ಲಿ ತಾಷ್ಕೆಂಟ್‌ನಲ್ಲಿ ನಡೆದ ಜಿ ಗುಂಪಿನಲ್ಲಿ ಮೂರೇ ತಂಡ: ಇರಾನ್, ಜೋರ್ಡನ್, ಬಾಂಗ್ಲಾದೇಶ. ಜೋರ್ಡನ್ ಬಾಂಗ್ಲಾವನ್ನು 5-0ಯಿಂದ ಗೆದ್ದಿತು. ಇರಾನ್ ಕೂಡ ಬಾಂಗ್ಲಾವನ್ನು 5-0ಯಿಂದಲೇ ಗೆದ್ದಿತು. ನಂತರ ಅವರಿಬ್ಬರ ನಡುವಿನ ಪಂದ್ಯ 0-0. ಅಂಕ ಸಮ, ಹೊಡೆದ ಗೋಲು ಸಮ, ಬಿಟ್ಟುಕೊಟ್ಟ ಗೋಲು ಸಮ. ಹಾಗಾಗಿ ಗುಂಪಿನ ಹಂತದಲ್ಲೇ ಪೆನಾಲ್ಟಿ ಶೂಟೌಟ್ ಮಾಡಬೇಕಾಯಿತು. ಇರಾನಿನ ಗೋಲ್‌ಕೀಪರ್ ಜೊಹ್ರೆ ಕೂದಾಯಿ ಎರಡು ಪೆನಾಲ್ಟಿ ತಡೆದರು. ಇರಾನ್ 4-2ರಿಂದ ಗೆದ್ದು ಮೊದಲ ಸಲ ಏಷ್ಯಾ ಕಪ್ಪಿಗೆ ಬಂತು. ಅಷ್ಟಕ್ಕೆ ಮುಗಿಯಲಿಲ್ಲ. ಜೋರ್ಡನ್ ಫುಟ್‌ಬಾಲ್ ಸಂಸ್ಥೆ ಆ ಗೋಲ್‌ಕೀಪರ್ ಹೆಣ್ಣೇ ಹೌದೋ ಎಂದು ಪರೀಕ್ಷಿಸಬೇಕೆಂದು ಏಷ್ಯಾ ಒಕ್ಕೂಟಕ್ಕೆ ಪತ್ರ ಬರೆಯಿತು. ತಾನು ಹೆಣ್ಣು ಎಂದು ಆಕೆ ಪತ್ರಿಕೆಯವರ ಮುಂದೆ ಹೇಳಿಕೊಳ್ಳಬೇಕಾದ ಸ್ಥಿತಿ ಬಂತು. ಚೆನ್ನಾಗಿ ಆಡಿದ ಹೆಣ್ಣಿಗೆ ಸಿಗುವ ಬಹುಮಾನಗಳಲ್ಲಿ ಇದೂ ಒಂದು. ಅಷ್ಟೆಲ್ಲ ಕೇಳಿಸಿಕೊಂಡು ಆಕೆ ನೆರೂಲಿಗೆ ಬಂದರು.

ಆ ಜನವರಿಯ ಮುಂಬಯಿಯನ್ನು ನೆನಪಿಸಿಕೊಳ್ಳಿ. ಒಮಿಕ್ರಾನ್ ಬಂದು ಮೊದಲ ವಾರದಲ್ಲೇ ನಗರದಲ್ಲಿ ದಿನಕ್ಕೆ 20 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣ. ನಮ್ಮ ಮನೆಯಲ್ಲಿ ಮೊದಲು ನನಗೆ, ಆಮೇಲೆ ನನ್ನವರಿಗೆ. ಒಂದು ಕೋಣೆಯಲ್ಲಿ ನಾನು ಲ್ಯಾಪ್‌ಟಾಪ್ ಜೊತೆ ಬಂದಿ. ನೆಗೆಟಿವ್ ಬಂದು ಕೋಣೆಯಿಂದ ಹೊರಬಂದದ್ದು 19ಕ್ಕೆ. ಮರುದಿನ ರಾತ್ರಿ ದೂರದಲ್ಲಿ ಕ್ರೀಡಾಂಗಣದ ದೀಪ ಹತ್ತಿತು, ಆದರೆ ಸದ್ದೇ ಇಲ್ಲ. ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ಕೋಲ್ಡ್‌ಪ್ಲೇ ಬಂದಾಗ ನಮ್ಮ ಕಿಟಕಿಯ ಗಾಜು ಅದುರಿದ್ದು ಗೊತ್ತಿರುವವರಿಗೆ ಆ ಮೌನ ಎಷ್ಟು ವಿಚಿತ್ರ ಎಂದು ಅರ್ಥವಾದೀತು.

ಅತ್ತೆ ಕಾರ್ಕಳದ ಕಡೆಯವರು. ಮದುವೆಯಾಗಿ 1982ರಲ್ಲಿ ಈ ಊರಿಗೆ ಬಂದವರು. ಹೈಸ್ಕೂಲಿನಲ್ಲಿ ಥ್ರೋಬಾಲ್ ತಂಡದಲ್ಲಿದ್ದರಂತೆ, ಆದರೆ ಅದಕ್ಕೆ ಒಂದು ಫೋಟೋ ಇಲ್ಲ, ಸರ್ಟಿಫಿಕೇಟು ಗೆದ್ದಲು ತಿಂದಿತು. ಹಾಗಾಗಿ ಮನೆಯಲ್ಲಿ ಮಾವ ಇರುವ ತನಕ ಅದನ್ನು ತಮಾಷೆ ಮಾಡುತ್ತಿದ್ದರು. ಆ ರಾತ್ರಿ ಅವರು ಸೋಫಾದ ತುದಿಯಲ್ಲಿ ಕುಳಿತು ಪಂದ್ಯ ನೋಡಿದ ರೀತಿಗೆ ನನಗೆ ಥ್ರೋಬಾಲಿನ ಮಾತು ನಿಜವೆಂದು ನಂಬಿಕೆ ಬಂತು. ಚೆಂಡು ಕಾಲಿಗೆ ಬಂದಾಗೆಲ್ಲ "ಕೊಡು ಮಾರಾಯ್ತಿ, ಆಚೆ ಕೊಡು" ಎನ್ನುತ್ತಿದ್ದರು.

ಪಂದ್ಯದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಮ್ಮ ನಾಯಕಿ ಆಶಾಲತಾ ದೇವಿ. ತಂಡದಲ್ಲಿ ಇಬ್ಬರಿಗೆ ಆಗಲೇ ಸೋಂಕು. ಆದರೂ ಆಟದ ಹೆಚ್ಚು ಪಾಲು ನಮ್ಮದೇ. ಮನೀಷಾ ಬದಿಯಿಂದ ನುಗ್ಗಿ ಚೆಂಡು ಒಳಗೆ ಹಾಕುತ್ತಿದ್ದರು. ದ್ವಿತೀಯಾರ್ಧದಲ್ಲಿ ಡಾಂಗ್ಮೇಯ್ ಗ್ರೇಸ್ ತಲೆಯಿಂದ ಹೊಡೆದ ಚೆಂಡು ಗೋಲಾಯಿತೆಂದೇ ನಾವು ಎದ್ದು ನಿಂತೆವು. ಅದೇ ಕೂದಾಯಿ ಅದನ್ನು ತಡೆದರು. 0-0. ಗೆಲ್ಲಬೇಕಾದ ಪಂದ್ಯ ಕೈಬಿಟ್ಟ ಬೇಸರ. ಒಂದು ಅಂಕ ಬಂತಲ್ಲ, ಭಾನುವಾರ ತೈಪೇಯ ಮೇಲೆ ನೋಡಿಕೊಳ್ಳೋಣ ಎಂದು ಟಿ.ವಿ. ಆರಿಸಿದೆವು.

ಭಾನುವಾರ, 23ರಂದು, ಸಂಜೆಯ ಊಟ ಬೇಗ ಮುಗಿಸಿ ಕುಳಿತರೆ ಪಂದ್ಯ ಶುರುವಾಗಲೇ ಇಲ್ಲ. ತಂಡದಲ್ಲಿ 12 ಮಂದಿಗೆ ಸೋಂಕು ಎಂದು ಸುದ್ದಿ ಬಂತು. 23 ಆಟಗಾರ್ತಿಯರ ತಂಡ. ಕೋವಿಡ್ ಕಾಲದ ವಿಶೇಷ ನಿಯಮದ ಪ್ರಕಾರ ಗೋಲ್‌ಕೀಪರ್ ಸೇರಿ ಕನಿಷ್ಠ 13 ಜನ ಇರಬೇಕು. ಗಾಯಗೊಂಡವರನ್ನೂ ಬಿಟ್ಟರೆ ಅಷ್ಟು ಜನ ಉಳಿಯಲಿಲ್ಲ. ತಂಡ ಇಳಿದಿದ್ದ ಹೋಟೆಲಿನ ಕೆಲವು ಸಿಬ್ಬಂದಿಗೂ ಸೋಂಕು ತಗುಲಿತ್ತು, ಆ ವರದಿ ತಡವಾಗಿ ಬಂತು ಎಂದು ತರಬೇತುದಾರರು ಆಮೇಲೆ ನೋವಿನಿಂದ ಹೇಳಿದರು. ತಪ್ಪು ಯಾರದೆಂದು ಮೇಲಿನವರ ನಡುವೆ ಕೆಲವು ದಿನ ಮಾತಿನ ಚಕಮಕಿ ನಡೆಯಿತು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಆಮೇಲೆ ಬಂದ ತೀರ್ಮಾನದ್ದೇ ನನಗೆ ಮುಖ್ಯ. ಪಂದ್ಯ ಮುಂದೂಡಲಿಲ್ಲ, ಎದುರಾಳಿಗೆ 3-0 ಗೆಲುವನ್ನೂ ಕೊಡಲಿಲ್ಲ. ಭಾರತ ಇಡೀ ಪಂದ್ಯಾವಳಿಯಿಂದ ಹಿಂದೆ ಸರಿದಂತೆ ಎಂದು ಪರಿಗಣಿಸಲಾಯಿತು. ಹಿಂದೆ ಸರಿದ ತಂಡ ಆಡಿದ ಪಂದ್ಯಗಳೆಲ್ಲ ರದ್ದು. ಅದರ ಅಂಕ, ಗೋಲು ಯಾವುದೂ ಲೆಕ್ಕಕ್ಕಿಲ್ಲ ಎಂಬುದು ನಿಯಮ. ಅಂದರೆ ಗುರುವಾರ ನಾವು ನೋಡಿದ ಆ 0-0 ಕೂಡ ಹೋಯಿತು.

ಅತ್ತೆಗೆ ಇದನ್ನು ಅರ್ಥ ಮಾಡಿಸಲು ನಾನು ಬಹಳ ಕಷ್ಟಪಟ್ಟೆ.

"ಸೋತದ್ದು ಅಂತ ಬರೆಯಲಿ. ಆಡ್ಲಿಕ್ಕೆ ಬರ್ಲಿಲ್ಲ ಅಂತ ಬರೆಯಲಿ. ಮೊನ್ನೆ ಆಡಿದ್ದನ್ನು ಆಡ್ಲೇ ಇಲ್ಲ ಅಂತ ಬರೆಯುವುದು ಎಂಥ ಲೆಕ್ಕ ಮಾರಾಯ್ತಿ?"

ನಮ್ಮ ಕೆಲಸದಲ್ಲಿ ಹೊಸದಾಗಿ ಸೇರಿದ ಮಕ್ಕಳಿಗೆ ಮೊದಲ ವಾರ ಕಲಿಸುವ ಪಾಠವೊಂದಿದೆ: ಸೊನ್ನೆ ಬೇರೆ, ನಲ್ ಬೇರೆ. ಒಬ್ಬರ ಖಾತೆಯಲ್ಲಿ ಸೊನ್ನೆ ರೂಪಾಯಿ ಇದೆ ಅಂದರೆ ಖಾತೆ ಇದೆ, ದುಡ್ಡಿಲ್ಲ. ನಲ್ ಅಂದರೆ ಅಲ್ಲಿ ಮಾಹಿತಿಯೇ ಇಲ್ಲ. ಸೊನ್ನೆಯನ್ನು ಕೂಡಬಹುದು, ಸರಾಸರಿಗೆ ಸೇರಿಸಬಹುದು. ನಲ್ ಬಂದ ಕಡೆ ಲೆಕ್ಕವೇ ನಿಲ್ಲುತ್ತದೆ. 0-0 ಎಂಬುದು ಒಂದು ಫಲಿತಾಂಶ. ಅದರಲ್ಲಿ ಇಪ್ಪತ್ತೆರಡು ಜನ ಹೆಂಗಸರ ತೊಂಬತ್ತು ನಿಮಿಷದ ಬೆವರಿದೆ. ಫುಟ್‌ಬಾಲಿನವರು ಆ ಸೊನ್ನೆಯನ್ನು ನಲ್ ಮಾಡಿದ್ದರು. ನಿಯಮ ತಪ್ಪೆಂದು ನಾನು ಹೇಳಲಾರೆ. ಒಂದು ತಂಡದೊಡನೆ ಆಡಿದವರು, ಆಡದವರು ಒಂದೇ ಗುಂಪಿನಲ್ಲಿದ್ದರೆ ತಕ್ಕಡಿ ಸಮ ತೂಗುವುದಿಲ್ಲ. ಆ ತಂಡವನ್ನೇ ತೆಗೆದುಬಿಡುವುದು ಶುದ್ಧ ದಾರಿ. ನಾನೇ ಆ ಪಟ್ಟಿ ತಯಾರಿಸಬೇಕಾಗಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ನಮ್ಮಲ್ಲಿ ಯಾವುದೇ ಸಾಲನ್ನು ಪೂರ್ತಿ ಅಳಿಸುವುದಿಲ್ಲ. ಬದಿಯಲ್ಲಿ ಒಂದು ಗುರುತು ಹಾಕಿ, ಲೆಕ್ಕಕ್ಕೆ ಬೇಡ ಆದರೆ ಇರಲಿ ಎಂದು ಇಟ್ಟುಕೊಳ್ಳುತ್ತೇವೆ.

ಆ ಅಳಿಸುವಿಕೆಯಿಂದ ಹೆಚ್ಚು ಕಳೆದುಕೊಂಡವರು ನಾವಲ್ಲ, ಇರಾನಿನವರು ಎಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಮುಂದಿನ ಎರಡು ಪಂದ್ಯಗಳಲ್ಲಿ ಅವರು ಚೀನಾಗೆ 0-7, ತೈಪೇಗೆ 0-5ರಿಂದ ಸೋತರು. ಮೊದಲ ಏಷ್ಯಾ ಕಪ್ಪಿನಲ್ಲಿ ಅವರ ಹೆಸರಿನ ಮುಂದೆ ಉಳಿದದ್ದು ಸೊನ್ನೆ ಅಂಕ, ಬಿಟ್ಟುಕೊಟ್ಟ 12 ಗೋಲು. ಅವರು ಗಳಿಸಿದ ಒಂದೇ ಒಂದು ಅಂಕ, ಕೂದಾಯಿ ಒಂದೂ ಗೋಲು ಬಿಡದೆ ಕಾದ ಒಂದೇ ರಾತ್ರಿ, ನೆರೂಲ್‌ನದ್ದು. ಅದೇ ಇಲ್ಲವಾಯಿತು.

ಇನ್ನೊಂದು ಕಡೆ ಅದೇ ಅಳಿಸುವಿಕೆ ಲೆಕ್ಕದ ದಾರಿ ಬದಲಿಸಿತು. ಎ ಗುಂಪಿನಲ್ಲಿ ಮೂರೇ ತಂಡ ಉಳಿದದ್ದರಿಂದ, ಮೂರನೇ ಸ್ಥಾನದವರನ್ನು ಹೋಲಿಸುವಾಗ ಉಳಿದ ಗುಂಪುಗಳಲ್ಲಿಯೂ ನಾಲ್ಕನೆಯ ತಂಡದೊಡನೆ ಆಡಿದ ಪಂದ್ಯವನ್ನು ಬಿಟ್ಟು ಲೆಕ್ಕ ಹಾಕಿದರು. ಸಿ ಗುಂಪಿನಲ್ಲಿ ವಿಯೆಟ್ನಾಂ ಇತ್ತು. ಪಂದ್ಯಾವಳಿಗೆ ಮೊದಲು ಸ್ಪೇನಿನಲ್ಲಿ ತಾಲೀಮು ಮಾಡುವಾಗ ಆ ತಂಡಕ್ಕೂ ಕೋವಿಡ್ ಹರಡಿ, ಆಟಗಾರ್ತಿಯರು ತಂಡ ತಂಡವಾಗಿ ತಡವಾಗಿ ಭಾರತಕ್ಕೆ ಬಂದರು. ಕೊರಿಯಾಕ್ಕೆ 0-3, ಜಪಾನಿಗೆ 0-3 ಸೋತರು. ಮ್ಯಾನ್ಮಾರ್ ಜೊತೆ ಹಿಂದೆ ಬಿದ್ದು ಎದ್ದು 2-2. ಇಬ್ಬರಿಗೂ ಒಂದೊಂದೇ ಅಂಕ. ಗೋಲಿನ ವ್ಯತ್ಯಾಸ ವಿಯೆಟ್ನಾಮಿಗೆ ಮೈನಸ್ 6, ಮ್ಯಾನ್ಮಾರಿಗೆ ಮೈನಸ್ 7. ಒಂದೇ ಗೋಲಿನಿಂದ ಮೂರನೇ ಸ್ಥಾನ. ಆಮೇಲೆ ಮೂರನೇ ಸ್ಥಾನದವರ ಹೋಲಿಕೆಯಲ್ಲಿ ಇರಾನಿನ ಮೈನಸ್ 12ಕ್ಕಿಂತ ಮುಂದೆ. ಹೀಗೆ ಕಿಟಕಿಯ ಸಂದಿಯಿಂದ ತೂರಿದಂತೆ ಕ್ವಾರ್ಟರ್‌ಫೈನಲಿಗೆ ಹೋದರು. ಅಲ್ಲಿ ಚೀನಾಗೆ ಸೋತರೂ ಕೊನೆಯ ಒಂದು ಟಿಕೆಟಿಗಾಗಿ ಸೋತ ಮೂರು ತಂಡಗಳ ನಡುವೆ ಇನ್ನೊಂದು ಪುಟ್ಟ ಗುಂಪು ಮಾಡಿದ್ದರು: ವಿಯೆಟ್ನಾಂ, ಥಾಯ್ಲೆಂಡ್, ಚೈನೀಸ್ ತೈಪೇ. ಥಾಯ್ಲೆಂಡನ್ನು 2-0, ಕೊನೆಗೆ ಫೆಬ್ರವರಿ 6ರಂದು ತೈಪೇಯನ್ನು 2-1ರಿಂದ ಗೆದ್ದು ವಿಯೆಟ್ನಾಂ ಮೊದಲ ಬಾರಿ ವಿಶ್ವಕಪ್‌ಗೆ ಹೋಯಿತು. ಕೋವಿಡ್ ತಗುಲಿದ ಎರಡು ತಂಡಗಳಲ್ಲಿ ಒಂದಕ್ಕೆ ಹದಿಮೂರು ಜನ ಸಿಕ್ಕಿದರು, ಒಂದಕ್ಕೆ ಸಿಗಲಿಲ್ಲ. ಇಷ್ಟೇ.

ಫಿಲಿಪ್ಪೀನ್ಸ್ ಕೂಡ ಅದೇ ಕೂಟದಿಂದ ಮೊದಲ ವಿಶ್ವಕಪ್‌ಗೆ ಹೋಗಿ, ಅಲ್ಲಿ ಆತಿಥೇಯ ನ್ಯೂಜಿಲೆಂಡನ್ನೇ 1-0ಯಿಂದ ಸೋಲಿಸಿತು. ಅಂಧೇರಿಯಲ್ಲಿ ಆಸ್ಟ್ರೇಲಿಯಾ ಇಂಡೊನೇಷ್ಯಾದ ಮೇಲೆ 18 ಗೋಲು ಹೊಡೆದ ದಿನ ಸ್ಯಾಮ್ ಕರ್ ಒಬ್ಬರೇ ಐದು ಹೊಡೆದು ತಮ್ಮ ದೇಶದ ಗಂಡಸರ ದಾಖಲೆಯನ್ನೂ ದಾಟಿದರು. ಅಂಧೇರಿಯಲ್ಲೇ ಮನೆಯಿರುವ ನಮ್ಮ ಸಂಘದ ಎಷ್ಟು ಜನರಿಗೆ ಇದು ಗೊತ್ತಿತ್ತೋ! ಫೈನಲ್ ನಡೆದದ್ದು ಫೆಬ್ರವರಿ 6ರ ಭಾನುವಾರ, ನೆರೂಲ್‌ನಲ್ಲೇ. ಅರ್ಧ ಆಟಕ್ಕೆ 0-2ರಿಂದ ಹಿಂದಿದ್ದ ಚೀನಾ ಕೊನೆಯ ಗಳಿಗೆಯ ಗೋಲಿನಿಂದ ಕೊರಿಯಾವನ್ನು 3-2ರಿಂದ ಸೋಲಿಸಿತು. ಅಂದು ಬೆಳಿಗ್ಗೆ ಲತಾ ಮಂಗೇಶ್ಕರ್ ತೀರಿಕೊಂಡಿದ್ದರು. ಸಂಜೆ ಮುಂಬಯಿಯ ಎಲ್ಲ ಮನೆಗಳ ಟಿ.ವಿ. ಶಿವಾಜಿ ಪಾರ್ಕಿನ ಕಡೆಗಿತ್ತು, ನಮ್ಮದೂ. ನಮ್ಮ ಊರಿನಲ್ಲಿ ನಡೆದ ಏಷ್ಯಾ ಕಪ್ ಫೈನಲನ್ನು ನಾನು ಮರುದಿನ ಯೂಟ್ಯೂಬಿನಲ್ಲಿ ತುಣುಕುಗಳಾಗಿ ನೋಡಿದೆ.

ಪಟ್ಟಿಯಿಂದ ಬಿಟ್ಟುಹೋಗುವುದು ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲಿಗೆ ಹೊಸದಲ್ಲ. ಮುಂಬಯಿಗೂ ಕನ್ನಡ ನಾಡಿಗೂ ಈ ಆಟದ ನಂಟು ಹಳೆಯದು: 1937ರಲ್ಲಿ ಇಲ್ಲಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು ಪುಸ್ತಕಗಳಲ್ಲಿದೆ. ಹೆಂಗಸರದ್ದನ್ನು ಹುಡುಕಬೇಕು. 1975ರಲ್ಲಿ ಭಾರತೀಯ ಮಹಿಳಾ ಫುಟ್‌ಬಾಲ್ ಒಕ್ಕೂಟ ಎಂಬುದು ಗಂಡಸರ ಒಕ್ಕೂಟದಿಂದ ಬೇರೆಯಾಗಿಯೇ ಹುಟ್ಟಿತು. ಏಷ್ಯಾ ಮಟ್ಟದಲ್ಲಿಯೂ ಹೆಂಗಸರ ಒಕ್ಕೂಟ ಬೇರೆ. 1979ರದ್ದೆಂದು ಕರೆಯುವ, ನಿಜವಾಗಿ 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಶಿಪ್ಪಿನಲ್ಲಿ ಭಾರತ ಫೈನಲ್ ತಲುಪಿತ್ತು ಎಂದರೆ ನಂಬುತ್ತೀರಾ? ಸೋತದ್ದು ಇದೇ ಚೈನೀಸ್ ತೈಪೇಗೆ. 1981ರಲ್ಲಿ ಮೂರನೇ ಸ್ಥಾನ, 1983ರಲ್ಲಿ ಮತ್ತೆ ಎರಡನೇ ಸ್ಥಾನ. ಆ ತಲೆಮಾರಿನಲ್ಲಿ ಭಾರತಕ್ಕೆ ಆಡಿದವರಲ್ಲಿ ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಒಬ್ಬರು. ಬಂಗಾಳದ ಶಾಂತಿ ಮಲ್ಲಿಕ್‌ಗೆ 1983ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮಹಿಳಾ ಫುಟ್‌ಬಾಲಿಗೆ ಅದೇ ಮೊದಲು. ತೊಂಬತ್ತರ ದಶಕದ ಆರಂಭದಲ್ಲಿ ಮಹಿಳಾ ಒಕ್ಕೂಟ ದೊಡ್ಡ ಒಕ್ಕೂಟದೊಳಗೆ ಸೇರಿತು. ದೊಡ್ಡ ಮನೆಗೆ ಸೊಸೆಯಾಗಿ ಹೋದ ಮೇಲೆ ಹಾಡು ಮರೆತಂತೆ ಆಯಿತು. ಪಂದ್ಯಗಳೇ ಇಲ್ಲದೆ ಫಿಫಾ ಶ್ರೇಯಾಂಕದ ಪಟ್ಟಿಯಿಂದಲೇ ಭಾರತದ ಹೆಸರು ಬಿಟ್ಟುಹೋದ ಕಾಲವೂ ಇತ್ತು. 2003ರ ನಂತರ ಏಷ್ಯಾ ಕಪ್ಪಿನ ಮುಖ್ಯ ಸುತ್ತನ್ನು ನಾವು ಕಾಣಲಿಲ್ಲ, 2022ರಲ್ಲಿ ಆತಿಥೇಯರಾಗುವ ತನಕ.

ಇಷ್ಟೆಲ್ಲ ಹೇಳುವಾಗ ನನ್ನದೂ ಒಂದು ಸಣ್ಣ ಕತೆ ಇದೆ. ಎಂ.ಟೆಕ್. ಹಾಸ್ಟೆಲಿನಲ್ಲಿ ನಾವು ಕೆಲವರು ಹುಡುಗಿಯರು ಸಂಜೆ ಫುಟ್‌ಬಾಲ್ ಆಡುತ್ತಿದ್ದೆವು. ಆಟ ಅನ್ನುವುದಕ್ಕಿಂತ ಚೆಂಡಿನ ಹಿಂದೆ ಓಟ. ಹತ್ತಿರದ ಊರಿನಲ್ಲಿ ಕಾಲೇಜುಗಳ ನಡುವೆ ಹುಡುಗಿಯರ ಪಂದ್ಯಾವಳಿ ಇದೆಯೆಂದು ಗೊತ್ತಾಗಿ ಹೆಸರು ಕೊಟ್ಟೆವು. ಒಂಬತ್ತು ಜನ ಇದ್ದೆವು. ಏಳಕ್ಕಿಂತ ಕಡಿಮೆ ಜನರಿದ್ದರೆ ಪಂದ್ಯ ಶುರು ಮಾಡುವಂತಿಲ್ಲ ಎಂಬುದು ಫುಟ್‌ಬಾಲಿನ ಕಾನೂನು. ಹಿಂದಿನ ದಿನ ಒಬ್ಬಳಿಗೆ ಜ್ವರ, ಒಬ್ಬಳಿಗೆ ಗೈಡ್ ಜೊತೆ ಮೀಟಿಂಗ್, ಮತ್ತೊಬ್ಬಳನ್ನು ಹುಡುಗನ ಕಡೆಯವರು ನೋಡಲು ಬರುತ್ತಾರೆಂದು ಮನೆಗೆ ಕರೆಸಿಕೊಂಡರು. ಆರು ಜನ ಬಸ್ಸಿನಲ್ಲಿ ಹೋಗಿ, ಮೈದಾನದ ಬದಿಯಲ್ಲಿ ಕುಳಿತು, ಮಂಡಕ್ಕಿ ತಿಂದು ವಾಪಸು ಬಂದೆವು. ನೋಟೀಸು ಬೋರ್ಡಿನಲ್ಲಿ ನಮ್ಮ ಕಾಲೇಜಿನ ಹೆಸರಿನ ಮೇಲೆ ಒಂದು ಗೆರೆ ಎಳೆದಿದ್ದರು. ಆ ಗೆರೆಯ ಕೆಳಗೆ ಹೆಸರನ್ನು ಓದಬಹುದಾಗಿತ್ತು ಎಂಬುದೇ ಒಂದು ಸಮಾಧಾನ. (ಆ ಹುಡುಗ, ಅಂದಹಾಗೆ, ಅವಳನ್ನು ಒಪ್ಪಲಿಲ್ಲ. ಅವಳು ಈಗ ಸಿಂಗಪುರದಲ್ಲಿ ಸುಖವಾಗಿದ್ದಾಳೆ.)

2022ರ ಅಕ್ಟೋಬರ್ 30ರಂದು ಅದೇ ಡಿ.ವೈ. ಪಾಟೀಲಿನಲ್ಲಿ 17ರ ಒಳಗಿನ ಹುಡುಗಿಯರ ವಿಶ್ವಕಪ್ ಫೈನಲ್, ಸ್ಪೇನ್ ಮತ್ತು ಕೊಲಂಬಿಯಾ. ಈ ಸಲ ಪ್ರೇಕ್ಷಕರನ್ನು ಬಿಟ್ಟಿದ್ದರು. ಆಗ ಏಳು ವರ್ಷದವಳಾಗಿದ್ದ ಮಗಳನ್ನು ಕರೆದುಕೊಂಡು ಹೋದೆ. ಸ್ಪೇನ್ 1-0ಯಿಂದ ಗೆದ್ದಿತು. ಅವಳು ಗೋಲಿಗಿಂತ ಹೆಚ್ಚಾಗಿ, ಬಿದ್ದು ಎದ್ದು ಮಂಡಿ ಒರೆಸಿಕೊಂಡು ಓಡುತ್ತಿದ್ದ ಹುಡುಗಿಯರನ್ನು ನೋಡುತ್ತಿದ್ದಳು. ಅಂದಿನಿಂದ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬೂಟಿನ ಹುಡುಕಾಟ. ಬಿಸಿಲಿಗೆ ಕಪ್ಪಾಗುತ್ತಾಳೆ ಎಂದು ಊರಿನಿಂದ ಫೋನಿನಲ್ಲಿ ಹೇಳಿದವರಿಗೆ ಉತ್ತರ ಕೊಟ್ಟವರು ಅತ್ತೆ: "ಕಪ್ಪಾದರೆ ಆಯ್ತು, ನಮಗೆಂಥ ನಷ್ಟ?" ಹುಡುಗರ ಜೊತೆಯೇ ಆಡುತ್ತಾಳೆ. ಹತ್ತು ಹುಡುಗಿಯರಾದರೆ ಬೇರೆ ಬ್ಯಾಚ್ ಮಾಡುತ್ತೇನೆ ಎಂದು ಕೋಚ್ ಹೇಳಿ ಒಂದು ವರ್ಷವಾಯಿತು. ಈಗ ಆರಿದ್ದಾರೆ. ನೆರೂಲ್, ಸೀವುಡ್ಸ್, ಬೇಲಾಪುರದ ಕಡೆಯ ಸದಸ್ಯೆಯರು ಮನೆಯಲ್ಲಿ ಎಂಟರಿಂದ ಹನ್ನೆರಡರ ಹುಡುಗಿಯರಿದ್ದರೆ ದಯವಿಟ್ಟು ನನಗೆ ಹೇಳಿ. ಆರು ಎಂಬ ಸಂಖ್ಯೆಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಕಳೆದ ವರ್ಷ ಜೂನ್-ಜುಲೈಯಲ್ಲಿ ನಡೆದದ್ದನ್ನು ನಮ್ಮ ಪತ್ರಿಕೆಗಳು ಒಳಪುಟದಲ್ಲಿ ಹಾಕಿದವು. 2026ರ ಏಷ್ಯಾ ಕಪ್ಪಿನ ಅರ್ಹತಾ ಸುತ್ತಿನಲ್ಲಿ ಭಾರತ ಬಿ ಗುಂಪಿನಲ್ಲಿತ್ತು. ಆಟ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ. ಜೊತೆಗೆ ಆತಿಥೇಯ ಥಾಯ್ಲೆಂಡ್, ಮಂಗೋಲಿಯಾ, ತಿಮೋರ್ ಲೆಸ್ತೆ, ಇರಾಕ್. ಐದರಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ. ಕ್ರಿಸ್ಪಿನ್ ಛೆತ್ರಿ ತರಬೇತಿಯ ನಮ್ಮವರು ಮಂಗೋಲಿಯಾ ಮೇಲೆ 13, ತಿಮೋರ್ ಮೇಲೆ 4, ಇರಾಕ್ ಮೇಲೆ 5 ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ನಾನು ಎಕ್ಸೆಲ್ ಶೀಟ್ ಮಾಡಿ ಕೂಡಿದೆ: ಪ್ಲಸ್ 22. ಥಾಯ್ಲೆಂಡಿನದ್ದು ಕೂಡಿದರೆ ಅದೂ ಪ್ಲಸ್ 22! ಇಬ್ಬರಿಗೂ 9 ಅಂಕ. ತಾಷ್ಕೆಂಟಿನ ಇರಾನ್-ಜೋರ್ಡನ್ ಲೆಕ್ಕವೇ ಮತ್ತೆ ಎದುರು ಬಂದು ನಿಂತಿತ್ತು. ಜುಲೈ 5ರ ಶನಿವಾರ ಕೊನೆಯ ಪಂದ್ಯ ಅವರಿಬ್ಬರದ್ದೇ. ಥಾಯ್ಲೆಂಡ್ ಎರಡು ಸಲ ವಿಶ್ವಕಪ್ ಆಡಿದ ತಂಡ, ಶ್ರೇಯಾಂಕದಲ್ಲಿ ನಮಗಿಂತ ಇಪ್ಪತ್ತಕ್ಕೂ ಹೆಚ್ಚು ಸ್ಥಾನ ಮೇಲೆ; ಅವರನ್ನು ಭಾರತ ಅದುವರೆಗೆ ಸೋಲಿಸಿಯೇ ಇರಲಿಲ್ಲ.

ಬಂಗಾಳದ ಸಂಗೀತಾ ಬಾಸ್ಫೋರ್ ಮೊದಲಾರ್ಧದಲ್ಲಿ ದೂರದಿಂದ ಒಂದು ಹೊಡೆದರು. ವಿರಾಮ ಮುಗಿದ ಕೂಡಲೇ ಥಾಯ್ಲೆಂಡ್ ಸಮ ಮಾಡಿತು. ಅತ್ತೆ ದೇವರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು, ಒಳಗೆ ಹೋಗಲಿಲ್ಲ, ಟಿ.ವಿ. ಕಾಣಬೇಕಲ್ಲ. 74ನೇ ನಿಮಿಷಕ್ಕೆ ಸಂಗೀತಾರದ್ದೇ ಎರಡನೆಯದು. 2-1. ಅರ್ಹತಾ ಸುತ್ತು ಆಡಿ, ಗೆದ್ದು, ಯಾರ ಆತಿಥ್ಯದ ಹಂಗಿಲ್ಲದೆ ಭಾರತದ ಹೆಣ್ಣುಮಕ್ಕಳು ಏಷ್ಯಾ ಕಪ್ಪಿಗೆ ಹೋದದ್ದು ಇದೇ ಮೊದಲು. ಆ ರಾತ್ರಿ ನಮ್ಮ ಕಟ್ಟಡದಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ನಮ್ಮ ಮನೆಯಲ್ಲಿ ಗೋಧಿ ಹಿಟ್ಟಿನ ಶೀರಾ ಆಯಿತು.

ಬರುವ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಆ ಕಪ್. ಗುಂಪುಗಳ ಚೀಟಿ ಎತ್ತಿದಾಗ ಭಾರತಕ್ಕೆ ಬಂದದ್ದು ಸಿ ಗುಂಪು: ಜಪಾನ್, ವಿಯೆಟ್ನಾಂ, ಚೈನೀಸ್ ತೈಪೇ. ಜಪಾನ್ ಬಿಡಿ. ಉಳಿದ ಇಬ್ಬರನ್ನು ನೋಡಿ ನನಗೆ ನಗು ಬಂತು. ಒಬ್ಬರು 2022ರಲ್ಲಿ ಹದಿಮೂರು ಜನರನ್ನು ಒಟ್ಟುಮಾಡಿಕೊಂಡು ನೆರೂಲಿನಿಂದ ವಿಶ್ವಕಪ್‌ಗೆ ಹೋದವರು. ಇನ್ನೊಬ್ಬರು ಆ ಭಾನುವಾರ ಸಂಜೆ ನಮಗಾಗಿ ಕಾದು ವಾಪಸು ಹೋದವರು. ಮಾರ್ಚ್ 4ಕ್ಕೆ ಪರ್ತ್‌ನಲ್ಲಿ ವಿಯೆಟ್ನಾಂ, 7ಕ್ಕೆ ಜಪಾನ್. ತೈಪೇ ಜೊತೆಗಿನ ಪಂದ್ಯ ಮಾರ್ಚ್ 10, ಮಂಗಳವಾರ, ಸಿಡ್ನಿಯಲ್ಲಿ. ಅಲ್ಲಿಯ ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದು. ಅಲ್ಲಿ ಸಂಜೆಯಾದರೆ ಇಲ್ಲಿ ಕಚೇರಿಯ ಹೊತ್ತು. ನಾನು ಆ ದಿನಕ್ಕೆ ರಜೆ ಹಾಕಿದ್ದೇನೆ, ಕಾರಣದ ಜಾಗದಲ್ಲಿ ಕೌಟುಂಬಿಕ ಎಂದು ಬರೆದಿದ್ದೇನೆ.

ಮೊನ್ನೆ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದಾಗ ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು.

"ಈ ಸಲ ಜನ ಸರಿ ಉಂಟಲ್ಲ?" ಎಂದು ಕೇಳಿದರು.